ಕೇಳದೆ ಕೊಟ್ಟ ತೀರ್ಪು

ಒಂದು ಕೃತಿ ಬಂದ ಕಾಲದಲ್ಲಿ ಸದ್ದು ಮಾಡದೆ, ಎಷ್ಟೋ ವರ್ಷಗಳಾದ ಮೇಲೆ ಮೇರುಕೃತಿ ಎನಿಸಿಕೊಂಡರೆ ನಾವು ಸಾಮಾನ್ಯವಾಗಿ ಎರಡು ಮಾತು ಆಡುತ್ತೇವೆ. ಅಂದಿನ ಜನಕ್ಕೆ ಅದು ಹಿಡಿಸಲಿಲ್ಲ ಎನ್ನುವುದು ಒಂದು. ಅದನ್ನು ಅರಿಯುವ ಯೋಗ್ಯತೆ ಅಂದಿನ ಜನಕ್ಕೆ ಇರಲಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪನ್ನು ಕೃತಿಯ ಮೇಲೆ ಹೊರಿಸುತ್ತದೆ, ಎರಡನೆಯದು ಜನರ ಮೇಲೆ. ಆದರೆ ಎರಡೂ ಮಾತುಗಳ ಹಿಂದಿರುವ ನಂಬಿಕೆ ಒಂದೇ. ಕೃತಿ ಜನರ ಮುಂದೆ ಬಂತು, ಜನ ಅದನ್ನು ನೋಡಿದರು ಅಥವಾ ಕೇಳಿದರು, ಆಮೇಲೆ ಬೇಡವೆಂದರು ಎಂಬ ನಂಬಿಕೆ ಅದು. ಇದನ್ನೇ ಪರೀಕ್ಷೆಗೆ ಒಡ್ಡುವ ಒಂದು ಆಲ್ಬಮ್ ಇದೆ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದ ‘ಬಿಗ್ ಸ್ಟಾರ್’ ಎಂಬ ರಾಕ್ ತಂಡ 1974ರ ಆರಂಭದಲ್ಲಿ ಹೊರತಂದ ‘ರೇಡಿಯೊ ಸಿಟಿ’. ಅದು ಆ ತಂಡದ ಎರಡನೆಯ ಆಲ್ಬಮ್.

ಬಂದ ಹೊಸದರಲ್ಲಿ ಅದು ಮಾರಾಟವಾದದ್ದು ಸುಮಾರು 20 ಸಾವಿರ ಪ್ರತಿ. ದೊಡ್ಡ ರಾಕ್ ತಂಡಗಳ ಒಂದೊಂದು ಆಲ್ಬಮ್ಮೂ ಹತ್ತಾರು ಲಕ್ಷ ಮಾರಾಟವಾಗುತ್ತಿದ್ದ ಕಾಲದಲ್ಲಿ ಇದು ಲೆಕ್ಕಕ್ಕೇ ಬಾರದ ಸಂಖ್ಯೆ. ಅದೇ ಆಲ್ಬಮ್ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲೂ 2020ರಲ್ಲೂ ಪ್ರಕಟಿಸಿದ ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಗಳಲ್ಲಿ ಕಾಣಿಸಿಕೊಂಡಿತು. ಅಂದಿನ ಮೌನ ಮತ್ತು ಇಂದಿನ ಮನ್ನಣೆ, ಈ ಎರಡರ ನಡುವೆ ಕೇಳುಗರ ಅಭಿಪ್ರಾಯ ಎಲ್ಲಿದೆ? 1974ರ ಮೌನ ಕೇಳುಗರು ಕೊಟ್ಟ ತೀರ್ಪಾಗಿರಲಿಲ್ಲ, ಇಂದಿನ ಪಟ್ಟಿಗಳು ಕೊಡುವ ಸ್ಥಾನವೂ ಕೇಳುಗರ ತೀರ್ಪಲ್ಲ ಎಂಬುದು ನನ್ನ ವಾದ. ಈ ಆಲ್ಬಮ್ ನಿಜವಾಗಿ ಬದುಕಿರುವುದು ಅದನ್ನು ಕೇಳಿದವರ ನಡುವೆ ಇನ್ನೂ ಮುಗಿಯದ ಒಂದು ಜಗಳದಲ್ಲಿ. ಆ ಜಗಳದ ಎರಡೂ ಪಕ್ಷಗಳನ್ನು ಗಂಭೀರವಾಗಿ ಆಲಿಸಬೇಕು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕನ್ನಡದ ಓದುಗರಲ್ಲಿ ಈ ತಂಡದ ಹೆಸರು ಕೇಳಿದವರು ಕಡಿಮೆ ಇರಬಹುದು. ಆದ್ದರಿಂದ ಒಂದಿಷ್ಟು ಹಿನ್ನೆಲೆ ಬೇಕು. 1971ರಲ್ಲಿ ಮೆಂಫಿಸ್‌ನ ಆರ್ಡೆಂಟ್ ಸ್ಟುಡಿಯೊದಲ್ಲಿ ನಾಲ್ವರು ಯುವಕರು ಕೂಡಿಕೊಂಡರು. ಕ್ರಿಸ್ ಬೆಲ್ ಮತ್ತು ಅಲೆಕ್ಸ್ ಚಿಲ್ಟನ್ ಹಾಡು ಬರೆದು, ಹಾಡಿ, ಗಿಟಾರ್ ನುಡಿಸುತ್ತಿದ್ದರು. ಆ್ಯಂಡಿ ಹಮ್ಮೆಲ್ ಬೇಸ್ ಗಿಟಾರ್, ಜೋಡಿ ಸ್ಟೀಫನ್ಸ್ ಡ್ರಮ್ಸ್. ಸ್ಟುಡಿಯೊದ ಸಮೀಪದಲ್ಲಿದ್ದ ದಿನಸಿ ಮಳಿಗೆಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡರು. ಇವರಲ್ಲಿ ಚಿಲ್ಟನ್ ಮಾತ್ರ ಆಗಲೇ ದೇಶಕ್ಕೆಲ್ಲ ಪರಿಚಿತ. 1967ರಲ್ಲಿ, 16ನೇ ವಯಸ್ಸಿನಲ್ಲೇ, ‘ಬಾಕ್ಸ್ ಟಾಪ್ಸ್’ ತಂಡಕ್ಕಾಗಿ ಅವನು ಹಾಡಿದ ‘ದಿ ಲೆಟರ್’ ಅಮೆರಿಕದ ಜನಪ್ರಿಯ ಹಾಡುಗಳಲ್ಲಿ ಮೊದಲ ಸ್ಥಾನಕ್ಕೆ ಏರಿ ನಾಲ್ಕು ವಾರ ಅಲ್ಲೇ ನಿಂತಿತ್ತು. ಆರ್ಡೆಂಟ್‌ನ ಒಡೆಯ ಜಾನ್ ಫ್ರೈ ಧ್ವನಿಮುದ್ರಣದಲ್ಲಿ ಪಳಗಿದ ಕೈ. ರೆಕಾರ್ಡುಗಳನ್ನು ಊರೂರಿಗೆ ತಲುಪಿಸುವ ಹೊಣೆ ಸೋಲ್ ಸಂಗೀತಕ್ಕೆ ಹೆಸರಾದ ಮೆಂಫಿಸ್‌ನದೇ ಸಂಸ್ಥೆ ಸ್ಟ್ಯಾಕ್ಸ್‌ನದು. ಪ್ರತಿಭೆಯಾಗಲಿ ಸ್ಟುಡಿಯೊ ಆಗಲಿ ಅನುಭವವಾಗಲಿ ಕಡಿಮೆ ಇರಲಿಲ್ಲ. ತಂಡದ ಮೊದಲ ಆಲ್ಬಮ್ ‘ನಂಬರ್ ಒನ್ ರೆಕಾರ್ಡ್’ 1972ರಲ್ಲಿ ಬಂತು, ವಿಮರ್ಶಕರಿಂದ ಹೊಗಳಿಸಿಕೊಂಡಿತು, 10 ಸಾವಿರ ಪ್ರತಿಯೂ ಖರ್ಚಾಗಲಿಲ್ಲ.

ಅಲ್ಲಿ ಆದದ್ದೇನು ಎಂದು ನೋಡಿದರೆ ಇಡೀ ಕತೆಯ ಕೀಲು ಸಿಗುತ್ತದೆ. ಆ ದಿನಗಳಲ್ಲಿ ಹಾಡು ಕೇಳುಗರನ್ನು ಮುಟ್ಟಲು ರೇಡಿಯೊ ಮತ್ತು ಅಂಗಡಿ ಎರಡೂ ಒಟ್ಟಿಗೆ ಕೆಲಸ ಮಾಡಬೇಕಿತ್ತು. ರೇಡಿಯೊದಲ್ಲಿ ಹಾಡು ಬಂದ ವಾರ ರೆಕಾರ್ಡ್ ಅಂಗಡಿಯ ಕಪಾಟಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಕೇಳಿ ಬಂದವರು ಬರಿಗೈಯಲ್ಲಿ ಹೋಗುತ್ತಾರೆ, ಬೇಡಿಕೆ ಇಲ್ಲವೆಂದು ಅಂಗಡಿಯವರು ಮತ್ತೆ ತರಿಸುವುದಿಲ್ಲ, ಅಂಗಡಿಯಲ್ಲೇ ಇಲ್ಲದ ಹಾಡನ್ನು ರೇಡಿಯೊದವರೂ ಕೈಬಿಡುತ್ತಾರೆ. 1972ರಲ್ಲಿ ಸ್ಟ್ಯಾಕ್ಸ್ ತನ್ನ ವಿತರಣೆಯನ್ನು ಕೊಲಂಬಿಯಾ ಎಂಬ ದೊಡ್ಡ ಕಂಪನಿಗೆ ವಹಿಸಿತು. ಕೊಲಂಬಿಯಾ ಬಂದ ಮೇಲೆ ಸ್ಟ್ಯಾಕ್ಸ್‌ನ ಹಳೆಯ ಸ್ವತಂತ್ರ ವಿತರಕರಿಗೆ ಕೆಲಸ ಉಳಿಯಲಿಲ್ಲ. ಕೊಲಂಬಿಯಾದಲ್ಲಿ ಈ ಒಪ್ಪಂದದ ಬೆನ್ನಿಗೆ ನಿಂತಿದ್ದವನು ಅದರ ಅಧ್ಯಕ್ಷ ಕ್ಲೈವ್ ಡೇವಿಸ್. 1973ರ ಮೇ ತಿಂಗಳಲ್ಲಿ ಕಂಪನಿ ಅವನನ್ನೇ ಕೆಲಸದಿಂದ ತೆಗೆಯಿತು. ಅಲ್ಲಿಂದ ಮುಂದೆ ಎರಡು ಸಂಸ್ಥೆಗಳ ಸಂಬಂಧ ಹಳಸಿತು, ಸ್ಟ್ಯಾಕ್ಸ್ ಸಾಲದಲ್ಲಿ ಮುಳುಗುತ್ತ ಹೋಗಿ 1975ರ ಕೊನೆಗೆ ದಿವಾಳಿಯೆದ್ದಿತು. ‘ರೇಡಿಯೊ ಸಿಟಿ’ ಹೊರಬಂದದ್ದು ಈ ಕುಸಿತದ ನಟ್ಟನಡುವೆ. ಪತ್ರಿಕೆಯಲ್ಲಿ ಒಳ್ಳೆಯ ವಿಮರ್ಶೆ ಓದಿ ಅಂಗಡಿಗೆ ಹೋದವರಿಗೆ ರೆಕಾರ್ಡ್ ಸಿಗುತ್ತಿರಲಿಲ್ಲ.

ಹೀಗಿರುವಾಗ ಅಂದಿನ ಕೇಳುಗರಿಗೆ ಈ ಆಲ್ಬಮ್ ಹಿಡಿಸಲಿಲ್ಲ ಎನ್ನುವುದು, ತಕ್ಕಡಿಗೇ ಏರದ ಸರಕನ್ನು ಹಗುರ ಎಂದಂತೆ. ಮಾರಾಟದ ಅಂಕಿ ಕೊಂಡವರ ಲೆಕ್ಕ ಕೊಡುತ್ತದೆ. ಕೊಳ್ಳದವರಲ್ಲಿ ಕೇಳಿ ಬೇಡವೆಂದವರು ಎಷ್ಟು, ಹೆಸರೇ ಕೇಳದವರು ಎಷ್ಟು ಎಂದು ಅದು ಹೇಳುವುದಿಲ್ಲ. ಮಾರುಕಟ್ಟೆಯ ಸೋಲನ್ನು ಜನಾಭಿಪ್ರಾಯವೆಂದು ಓದುವ ಅಭ್ಯಾಸ ನಮಗೆ ಎಷ್ಟು ಅಂಟಿಕೊಂಡಿದೆಯೆಂದರೆ ಈ ಸರಳ ವ್ಯತ್ಯಾಸವೇ ಕಣ್ಣಿಗೆ ಬೀಳುವುದಿಲ್ಲ.

ಇದೇ ಆಲ್ಬಮ್‌ನ ಹೊದಿಕೆಯಲ್ಲಿ ಇದಕ್ಕೊಂದು ಒಳ್ಳೆಯ ಹೋಲಿಕೆ ಸಿಗುತ್ತದೆ. ಅಲ್ಲಿರುವುದು ಮೆಂಫಿಸ್‌ನ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ 1973ರಲ್ಲಿ ಮಿಸಿಸಿಪಿ ರಾಜ್ಯದ ಗ್ರೀನ್‌ವುಡ್‌ನಲ್ಲಿ ತೆಗೆದ ಚಿತ್ರ. ಕಡುಗೆಂಪು ಬಣ್ಣ ಬಳಿದ ಛಾವಣಿ, ನಡುವೆ ಹೊದಿಕೆಯಿಲ್ಲದ ಒಂದು ಬಲ್ಬು, ಅದರಿಂದ ಮೂರು ಕಡೆಗೆ ಹರಿದ ಬಿಳಿಯ ವೈರುಗಳು. ಕಲಾತ್ಮಕ ಛಾಯಾಚಿತ್ರ ಎಂದರೆ ಕಪ್ಪು-ಬಿಳುಪು ಎಂದೇ ನಂಬಿದ್ದ ಕಾಲ ಅದು. 1976ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯ ಎಗಲ್‌ಸ್ಟನ್‌ನ ವರ್ಣಚಿತ್ರಗಳ ಪ್ರದರ್ಶನ ಏರ್ಪಡಿಸಿದಾಗ ವಿಮರ್ಶಕರು ಕಟುವಾಗಿ ಬರೆದರು. ಇಂದು ಅದೇ ಪ್ರದರ್ಶನವನ್ನು ವರ್ಣ ಛಾಯಾಗ್ರಹಣದ ಚರಿತ್ರೆಯ ತಿರುವೆಂದು ಎಣಿಸುತ್ತಾರೆ. ಹೊದಿಕೆಯ ಚಿತ್ರ ಮತ್ತು ಒಳಗಿನ ಹಾಡು ಎರಡಕ್ಕೂ ಮನ್ನಣೆ ತಡವಾಗಿಯೇ ಸಿಕ್ಕಿತು. ಆದರೆ ಚಿತ್ರಗಳನ್ನು ಜನ ಬಂದು ನೋಡಿದರು, ನೋಡಿ ಬೇಡವೆಂದರು, ಆಮೇಲೆ ಕಾಲ ಕಳೆದಂತೆ ಮನಸ್ಸು ಬದಲಿಸಿದರು. ಅಲ್ಲಿ ಅಭಿರುಚಿಯ ಚರಿತ್ರೆಯೊಂದು ನಡೆದಿದೆ. ಹಾಡುಗಳ ವಿಷಯದಲ್ಲಿ ಅದು ನಡೆಯಲು ಅವಕಾಶವೇ ಸಿಗಲಿಲ್ಲ. ‘ಕಾಲಕ್ಕಿಂತ ಮುಂದಿದ್ದ ಕೃತಿ’ ಎಂಬ ಸುಲಭದ ಹೊಗಳಿಕೆ ಎಗಲ್‌ಸ್ಟನ್‌ಗೆ ಹೊಂದಬಹುದು, ಬಿಗ್ ಸ್ಟಾರ್‌ಗೆ ಹೊಂದುವುದಿಲ್ಲ. ಅಂದಿನ ಕಿವಿಗಳಿಗೆ ಈ ಹಾಡುಗಳು ಕಷ್ಟವಾಗುತ್ತಿದ್ದವು ಎನ್ನಲು ಆಧಾರವಿಲ್ಲ. ಮೂರು ನಿಮಿಷದ ಹಾಡು, ಮನಸ್ಸಿಗೆ ಹತ್ತುವ ರಾಗ, ಪ್ರೇಮದ ಮಾತು ಯಾವ ಕಾಲದ ಕೇಳುಗರಿಗೂ ಕಠಿಣವಲ್ಲ.

ಹಾಗಾದರೆ ಅಂದು ಇದನ್ನು ಕೇಳಿದವರು ಯಾರು? ಮುಖ್ಯವಾಗಿ ರೆಕಾರ್ಡ್ ಕೊಳ್ಳುವ ಅಗತ್ಯವೇ ಇಲ್ಲದವರು, ಅಂದರೆ ಪತ್ರಿಕೆಗಳ ವಿಮರ್ಶಕರು. 1972ರ ಕೊನೆಯಲ್ಲಿ ಕ್ರಿಸ್ ಬೆಲ್ ನೊಂದು ತಂಡ ಬಿಟ್ಟ ಮೇಲೆ ಬಿಗ್ ಸ್ಟಾರ್ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1973ರ ಮೇನಲ್ಲಿ ಆರ್ಡೆಂಟ್‌ನವರು ದೇಶದ ರಾಕ್ ಬರಹಗಾರರನ್ನೆಲ್ಲ ಮೆಂಫಿಸ್‌ಗೆ ಕರೆಸಿ ಒಂದು ಸಮ್ಮೇಳನ ನಡೆಸಿದರು. ಲೆಸ್ಟರ್ ಬ್ಯಾಂಗ್ಸ್‌ನಂಥ ಹೆಸರಾಂತ ವಿಮರ್ಶಕರೂ ಬಂದಿದ್ದರು. ಉಳಿದ ಮೂವರು ಆ ಸಂದರ್ಭಕ್ಕೆಂದು ಮತ್ತೆ ಸೇರಿ ಲಾಫಯೆಟ್ಸ್ ಮ್ಯೂಸಿಕ್ ರೂಮ್‌ನಲ್ಲಿ ನುಡಿಸಿದರು. ಮಾತಿಗೆ ಪಳಗಿದ ಆ ಜನ ಎದ್ದು ಕುಣಿದರು. ಎರಡನೆಯ ಆಲ್ಬಮ್ ಮಾಡುವ ಹುಮ್ಮಸ್ಸು ತಂಡಕ್ಕೆ ಹುಟ್ಟಿದ್ದು ಆ ರಾತ್ರಿಯ ಬಲದಿಂದ. ಕೇಳುಗರ ಅಭಿಪ್ರಾಯವೇ ಒಂದು ಆಲ್ಬಮ್ಮನ್ನು ಹುಟ್ಟಿಸಿದ ಅಪರೂಪದ ಪ್ರಸಂಗವಿದು.

ಆದರೆ ಆ ಮೊದಲ ಮೆಚ್ಚುಗೆಯನ್ನೂ ಒರೆಗೆ ಹಚ್ಚಬೇಕು. ಆ ವಿಮರ್ಶಕರಲ್ಲಿ ಹೆಚ್ಚಿನವರು ಹರೆಯದಲ್ಲಿ ಬೀಟಲ್ಸ್, ಬರ್ಡ್ಸ್, ಕಿಂಕ್ಸ್ ತಂಡಗಳನ್ನು ಕೇಳಿ ಬೆಳೆದವರು. 1973ರ ಹೊತ್ತಿಗೆ ರಾಕ್ ಸಂಗೀತ ಬೇರೆ ದಾರಿ ಹಿಡಿದಿತ್ತು. ಒಂದು ಮಗ್ಗುಲಿಗೆ ಆಲ್ಬಮ್‌ನ ಇಡೀ ಒಂದು ಬದಿಯನ್ನು ತುಂಬುವ ದೀರ್ಘ ರಚನೆಗಳು, ಇನ್ನೊಂದು ಮಗ್ಗುಲಿಗೆ ಕ್ರೀಡಾಂಗಣಗಳನ್ನು ನಡುಗಿಸುವ ಅಬ್ಬರ. ಚಿಕ್ಕ ಹಾಡು, ಮಿನುಗುವ ಗಿಟಾರ್, ಕೂಡಿ ಹಾಡುವ ದನಿಗಳು ಹಿಂದೆ ಸರಿದಿದ್ದವು. ಬಿಗ್ ಸ್ಟಾರ್ ಅವರಿಗೆ ಕಳೆದುಹೋದ ತಮ್ಮ ಹರೆಯವನ್ನೇ ಮರಳಿಸಿದಂತೆ ಕೇಳಿಸಿರಬೇಕು. ಇಂಥ ಮೆಚ್ಚುಗೆಯಲ್ಲಿ ಸ್ವಲ್ಪ ಹಂಬಲವೂ ಬೆರೆತಿರುತ್ತದೆ. ಹಳೆಯದರ ಹಂಬಲವನ್ನು ತಣಿಸುವುದಷ್ಟೇ ಈ ಆಲ್ಬಮ್‌ನ ಗುಣವಾಗಿದ್ದರೆ ಆ ತಲೆಮಾರಿನೊಂದಿಗೆ ಅದೂ ಮರೆಯಾಗಬೇಕಿತ್ತು. ಹಾಗಾಗಲಿಲ್ಲ ಎಂದರೆ ಕಾರಣ ಹಾಡುಗಳೊಳಗೇ ಇರಬೇಕು. ಅವುಗಳ ಹತ್ತಿರ ಹೋಗಿ ನೋಡೋಣ.

ಆಲ್ಬಮ್‌ನಲ್ಲಿ ಹನ್ನೆರಡು ಹಾಡುಗಳಿವೆ. ಒಟ್ಟು ಅವಧಿ 36 ನಿಮಿಷದ ಆಸುಪಾಸು. ಮೊದಲ ಹಾಡು ‘ಓ ಮೈ ಸೋಲ್’ ಐದು ನಿಮಿಷ ಮೀರುತ್ತದೆ. ಗಿಟಾರ್ ಚೂಪಾದ, ಕೆರೆದಂಥ ನಾದದಲ್ಲಿ ಶುರುವಾಗುತ್ತದೆ. ಡ್ರಮ್ಸ್ ಅದರ ಬೆನ್ನು ಹತ್ತುತ್ತದೆ, ಹಿಡಿದಂತಾಗುವಾಗ ಗಿಟಾರ್ ನಿಂತುಬಿಡುತ್ತದೆ, ಮತ್ತೆ ಬೇರೆ ಕಡೆಯಿಂದ ಹೊರಡುತ್ತದೆ. ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಗೆರೆ ಎಳೆಯುವುದು ಕಷ್ಟ. ಮೂವರೂ ಒಬ್ಬರನ್ನೊಬ್ಬರು ಕೆಣಕುತ್ತ ಓಡುವಂತಿದೆ, ಆದರೂ ಯಾರೂ ಕೈಬಿಟ್ಟು ಹೋಗುವುದಿಲ್ಲ. ‘ಡೇಸಿ ಗ್ಲೇಜ್’ ಬೇಸರದಲ್ಲಿ ಎಳೆದೆಳೆದು ಹಾಡುವ ನಿಧಾನಗತಿಯ ಹಾಡಾಗಿ ಮೊದಲಾಗಿ, ಅರ್ಧ ದಾರಿಯಲ್ಲಿ ಡ್ರಮ್ಸ್‌ನ ಕೆಲವು ಗಟ್ಟಿ ಹೊಡೆತಗಳ ನಂತರ ಇದ್ದಕ್ಕಿದ್ದಂತೆ ಓಟಕ್ಕೆ ಬೀಳುತ್ತದೆ. ಒಂದೇ ಹಾಡಿನೊಳಗೆ ಮನಸ್ಸು ಕುಸಿದು ಕೂರುವುದೂ ಸಿಟ್ಟಿಗೇಳುವುದೂ ಹೀಗೆ ಒತ್ತೊತ್ತಿಗೆ ಕೇಳಿಸುವುದು ಅಪರೂಪ. ಕೊನೆಯ ಹಾಡು ‘ಐ ಆ್ಯಮ್ ಇನ್ ಲವ್ ವಿತ್ ಎ ಗರ್ಲ್’ನಲ್ಲಿ ಒಂದು ಗಿಟಾರ್, ಒಂದು ದನಿ, ಬೇರೇನೂ ಇಲ್ಲ. ಎರಡು ನಿಮಿಷ ಆಗುವಷ್ಟರಲ್ಲಿ ಅದು ಮುಗಿದಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ‘ಸೆಪ್ಟೆಂಬರ್ ಗರ್ಲ್ಸ್’. ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಹಾಡು. ಗಿಟಾರಿನ ತಂತಿಗಳು ಗಂಟೆಯಂತೆ ಮೊಳಗುತ್ತವೆ, ಸ್ಟೀಫನ್ಸ್‌ನ ಡ್ರಮ್ಸ್ ಹಾಡನ್ನು ಎತ್ತಿ ಎತ್ತಿ ಮುಂದಕ್ಕೆ ಒಯ್ಯುತ್ತದೆ. ಕೇಳಿದ ಕೂಡಲೇ ಸಂತೋಷದ ಹಾಡು ಎನಿಸುತ್ತದೆ. ಮಾತಿಗೆ ಕಿವಿಗೊಟ್ಟರೆ ಸಂಗತಿಯೇ ಬೇರೆ: ಪ್ರೀತಿಸಿದ್ದು, ಕೈಗೆ ಹತ್ತದೆ ಹೋದದ್ದು, ಆದರೂ ಮರೆಯಲಾಗದ್ದು. ಬಾಕ್ಸ್ ಟಾಪ್ಸ್‌ಗಾಗಿ ಒರಟು ದನಿಯಲ್ಲಿ ಹಾಡಿದ್ದ ಹುಡುಗನೇ ಇಲ್ಲಿ ಎತ್ತರದ, ತೆಳುವಾದ, ಇನ್ನೇನು ಬಿರಿದೀತು ಎನ್ನುವಂಥ ದನಿಯಲ್ಲಿ ಹಾಡುತ್ತಾನೆ. ವಾದ್ಯಗಳ ಬೆಳಕು ಮತ್ತು ದನಿಯ ಅಳುಕು ಒಂದನ್ನೊಂದು ಅಳಿಸುವುದಿಲ್ಲ, ಒಂದರಿಂದ ಇನ್ನೊಂದು ಹೆಚ್ಚಾಗುತ್ತದೆ. ಬೀಟಲ್ಸ್‌ನಿಂದ ಕಲಿತದ್ದು ಇಲ್ಲಿ ಖಂಡಿತ ಇದೆ. ಆದರೆ ಈ ಅಳುಕು ಯಾರಿಂದಲೂ ಕಲಿತದ್ದಲ್ಲ.

ಈಗ ಜಗಳಕ್ಕೆ ಬರುತ್ತೇನೆ. ಬಿಗ್ ಸ್ಟಾರ್ ಕೇಳುಗರಲ್ಲಿ ಎರಡು ಪಕ್ಷಗಳಿವೆ. ಮೊದಲ ಆಲ್ಬಮ್ಮೇ ಮೇಲು ಎನ್ನುವವರದು ಒಂದು. ಅವರ ಮಾತಿನಲ್ಲಿ ತಿರುಳಿದೆ. ‘ನಂಬರ್ ಒನ್ ರೆಕಾರ್ಡ್’ ಕ್ರಿಸ್ ಬೆಲ್‌ನ ತಾಳ್ಮೆಯ ಕೆಲಸ. ಪದರ ಪದರವಾಗಿ ಕೂಡಿಸಿದ ದನಿಗಳು, ಅಳೆದು ಜೋಡಿಸಿದ ಅಕೂಸ್ಟಿಕ್ ಗಿಟಾರುಗಳು, ‘ಥರ್ಟೀನ್’ನ ಎಳೆಹರೆಯದ ಮುಗ್ಧತೆ, ‘ದಿ ಬ್ಯಾಲಡ್ ಆಫ್ ಎಲ್ ಗೂಡೊ’ದಲ್ಲಿ ದನಿಗಳೆಲ್ಲ ಕೂಡಿ ಮೇಲೇರುವ ಕ್ಷಣ, ಇವು ಎರಡನೆಯದರಲ್ಲಿ ಇಲ್ಲ. ‘ರೇಡಿಯೊ ಸಿಟಿ’ ಅವರಿಗೆ ಅರ್ಧಂಬರ್ಧ ಕಟ್ಟಿದ ಮನೆಯಂತೆ ತೋರುತ್ತದೆ. ದನಿ ಕೆಲವು ಕಡೆ ಶ್ರುತಿಯ ಅಂಚಿನಲ್ಲಿ ತೂಗುತ್ತದೆ, ‘ಮಾಡ್ ಲ್ಯಾಂಗ್’ ಮತ್ತು ‘ಶೀಸ್ ಎ ಮೂವರ್’ ಉಳಿದವುಗಳ ಎತ್ತರಕ್ಕೆ ಬರುವುದಿಲ್ಲ, ಕೊನೆಯ ಎರಡು ಪುಟ್ಟ ಹಾಡುಗಳು ಕರಡಿನಂತಿವೆ ಎಂಬುದು ಅವರ ದೂರು. ಬೆಲ್ ಹೋದ ಮೇಲೆ ತಂಡದ ಸಮತೋಲ ಹೋಯಿತು, ಎರಡನೆಯದರಲ್ಲಿ ಉಳಿದಿರುವ ಒಳ್ಳೆಯದರಲ್ಲೂ ಅವನ ಪಾಲಿದೆ ಎಂದೂ ಅವರು ನೆನಪಿಸುತ್ತಾರೆ. ಅದೂ ಸುಳ್ಳಲ್ಲ. ‘ಓ ಮೈ ಸೋಲ್’ ಮತ್ತು ‘ಬ್ಯಾಕ್ ಆಫ್ ಎ ಕಾರ್’ ಹಾಡುಗಳ ರಚನೆಯಲ್ಲಿ ಬೆಲ್‌ನ ಕೈಯಿತ್ತು, ಆದರೆ ಹೆಸರು ದಾಖಲಾಗಲಿಲ್ಲ.

ಎರಡನೆಯ ಪಕ್ಷಕ್ಕೆ ಈ ಕೊರತೆಗಳೇ ಗುಣ. ಮೊದಲ ಆಲ್ಬಮ್‌ನಲ್ಲಿ ಎಲ್ಲವೂ ತೀರ್ಮಾನವಾಗಿ ಮುಗಿದಿದೆ, ಇದರಲ್ಲಿ ಎಲ್ಲವೂ ಕೇಳುತ್ತಿರುವಾಗಲೇ ನಡೆಯುತ್ತಿದೆ ಎಂದು ಅವರು ಹೇಳುತ್ತಾರೆ. ಹಾಡು ಬಿದ್ದೀತೇ ಎಂಬ ಆತಂಕ ಇರುವುದರಿಂದಲೇ ಅದು ನಿಂತಾಗ ಸಿಗುವ ಖುಷಿ ದೊಡ್ಡದು.

ನಾನು ಈ ಎರಡನೆಯ ಪಕ್ಷದವನು. ಆದರೆ ನನ್ನ ಪಕ್ಷದವರು ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒರಟಾಗಿರುವುದು ಪ್ರಾಮಾಣಿಕ, ನಯವಾಗಿರುವುದು ಕೃತಕ ಎಂಬ ನಂಬಿಕೆ ರಾಕ್ ಸಂಗೀತದಲ್ಲಿ ಬಹಳ ಕಾಲದಿಂದ ಇದೆ. ಅದು ಸೋಮಾರಿ ನಂಬಿಕೆ. ಒರಟಾದ ಕೆಟ್ಟ ಆಲ್ಬಮ್‌ಗಳು ಬೇಕಾದಷ್ಟಿವೆ. ‘ರೇಡಿಯೊ ಸಿಟಿ’ಯ ಗುಟ್ಟು ಬೇರೆ ಕಡೆ ಇದೆ: ನುಡಿಸಿದ್ದು ಒರಟು, ಆದರೆ ಅದನ್ನು ಮುದ್ರಿಸಿದ್ದು ಅತ್ಯಂತ ಶಿಸ್ತಿನಿಂದ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ‘ಸೆಪ್ಟೆಂಬರ್ ಗರ್ಲ್ಸ್’ ಕೇಳಿ ನೋಡಿ. ಗಿಟಾರಿನ ತಂತಿ ಮೀಟಿದ ಅಂಚು, ಡ್ರಮ್ಸ್‌ನ ತೊಗಲಿನ ಬಿಗುವು, ಬೇಸ್ ಗಿಟಾರಿನ ಗುಂಡನೆಯ ನಾದ, ಎಲ್ಲವೂ ಒಂದರಿಂದ ಒಂದು ಬಿಡಿಬಿಡಿಯಾಗಿ ಕೇಳಿಸುತ್ತವೆ. ಯಾವುದೂ ಮಸುಕಿಲ್ಲ. ಜಾನ್ ಫ್ರೈ ನಿಷ್ಠುರ ಕಿವಿಯ ಮನುಷ್ಯ. ತಡವರಿಕೆ ಕೇಳಿಸುತ್ತದೆ ಎಂದರೆ ಅದನ್ನು ಮುಚ್ಚದೆ ಉಳಿಸಿಕೊಂಡಿದ್ದಾರೆ ಎಂದೇ ಅರ್ಥ. ಸಂಶಯದಲ್ಲಿರುವ ಮನಸ್ಸನ್ನು ಸಂಶಯವೇ ಇಲ್ಲದ ಕೈಗಳು ಹಿಡಿದಿಟ್ಟಿವೆ. ಈ ಎರಡರ ಎಳೆದಾಟವನ್ನು ಅಷ್ಟೇ ತೀವ್ರವಾಗಿ ಮೊದಲ ಆಲ್ಬಮ್‌ನಲ್ಲಿ ನಾನು ಕೇಳಿಲ್ಲ. ಕೊನೆಯ ಪುಟ್ಟ ಹಾಡನ್ನು ಕರಡು ಎನ್ನುವವರಿಗೂ ನನ್ನ ಉತ್ತರ ಇದೇ. ಅಷ್ಟೊಂದು ಗದ್ದಲ, ವಾದ, ಸಿಟ್ಟು ಎಲ್ಲ ಆದ ಮೇಲೆ ಒಂದು ಗಿಟಾರು ಮತ್ತು ಒಂದು ದನಿ ಮಾತ್ರ ಉಳಿಯುವುದು ಯೋಚಿಸಿ ಮಾಡಿದ ಕಟ್ಟಡ.

ಹೀಗೆಂದು ಮೊದಲ ಪಕ್ಷದವರು ಸೋತರು ಎನ್ನುತ್ತಿಲ್ಲ. ದನಿಗಳ ಮೇಳವೇ ಈ ಬಗೆಯ ಸಂಗೀತದ ಜೀವ ಎಂದು ನಂಬುವವರಿಗೆ ಎರಡನೆಯ ಆಲ್ಬಮ್ ಬಡವಾಗಿ ಕೇಳಿಸುವುದು ಸಹಜ, ನ್ಯಾಯವೂ ಹೌದು. ಇಲ್ಲಿರುವುದು ಕಿವಿಯ ಸೂಕ್ಷ್ಮ ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂಬ ಪ್ರಶ್ನೆಯಲ್ಲ. ಹಾಡಿನಿಂದ ನಾವು ಬಯಸುವುದೇನು ಎಂಬ ಪ್ರಶ್ನೆ. ನೆಮ್ಮದಿಯನ್ನೋ, ಎದುರಿಗೇ ನಡೆಯುವ ಹುಡುಕಾಟವನ್ನೋ? ಎರಡೂ ಬಯಕೆಗಳು ಮನುಷ್ಯರವೇ.

ಆಮೇಲಿನ ಕೇಳುಗರು ತಮ್ಮ ಅಭಿಪ್ರಾಯವನ್ನು ಮಾತಿನಲ್ಲಿ ಹೇಳಿದ್ದಕ್ಕಿಂತ ಸಂಗೀತದಲ್ಲಿ ಹೇಳಿದ್ದು ಹೆಚ್ಚು. 1978ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಎರಡು ಆಲ್ಬಮ್‌ಗಳನ್ನು ಒಂದೇ ಜೋಡಿ ರೆಕಾರ್ಡಾಗಿ ಮರುಮುದ್ರಿಸಿದರು. ಅಲ್ಲಿಂದ ಅವು ಹೊಸ ತಲೆಮಾರಿನ ಕೈ ಸೇರಿದವು. ಜಾರ್ಜಿಯಾದ ‘ಆರ್.ಇ.ಎಂ.’ ತಂಡದವರು 1980ರ ದಶಕದಲ್ಲಿ ಸಿಕ್ಕಲ್ಲೆಲ್ಲ ಬಿಗ್ ಸ್ಟಾರ್ ಹೆಸರು ಹೇಳಿದರು. 1986ರಲ್ಲಿ ‘ಬ್ಯಾಂಗಲ್ಸ್’ ತಂಡದ ಹೆಣ್ಣುಮಕ್ಕಳು ‘ಸೆಪ್ಟೆಂಬರ್ ಗರ್ಲ್ಸ್’ ಅನ್ನು ತಮ್ಮ ‘ಡಿಫರೆಂಟ್ ಲೈಟ್’ ಆಲ್ಬಮ್‌ನಲ್ಲಿ ಹಾಡಿದರು. ಆ ಆಲ್ಬಮ್ ಮೂಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮನೆಗಳನ್ನು ತಲುಪಿತು. 1987ರಲ್ಲಿ ‘ರಿಪ್ಲೇಸ್‌ಮೆಂಟ್ಸ್’ ತಂಡ ಅಲೆಕ್ಸ್ ಚಿಲ್ಟನ್‌ನ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಹಾಡು ಕಟ್ಟಿತು. 1991ರಲ್ಲಿ ಸ್ಕಾಟ್ಲೆಂಡಿನ ‘ಟೀನೇಜ್ ಫ್ಯಾನ್‌ಕ್ಲಬ್’ ತನ್ನ ‘ಬ್ಯಾಂಡ್‌ವ್ಯಾಗನೆಸ್ಕ್’ ಆಲ್ಬಮ್‌ನಲ್ಲಿ ಈ ಋಣವನ್ನು ಮುಚ್ಚಿಡದೆ ತೋರಿಸಿತು. ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಂಡಿದ್ದಾರೆ. ಬ್ಯಾಂಗಲ್ಸ್‌ಗೆ ಸಿಕ್ಕಿದ್ದು ರಾಗ, ರಿಪ್ಲೇಸ್‌ಮೆಂಟ್ಸ್‌ಗೆ ಬಿದ್ದೀತು ಎನ್ನುವಂತೆ ಓಡುವ ಧೈರ್ಯ, ಟೀನೇಜ್ ಫ್ಯಾನ್‌ಕ್ಲಬ್‌ಗೆ ಗಿಟಾರ್ ಮತ್ತು ದನಿಗಳ ಹೊಳಪು. ಒಂದೇ ಆಲ್ಬಮ್ಮನ್ನು ಹೀಗೆ ಬೇರೆ ಬೇರೆಯಾಗಿ ಕೇಳಲು ಸಾಧ್ಯವಾಗಿದ್ದೇ ಅದರ ಸತ್ವಕ್ಕೆ ಸಾಕ್ಷಿ.

ಇದರಿಂದ ಒಂದು ತೊಡಕೂ ಹುಟ್ಟಿತು. ಇಂದು ಮೊದಲ ಸಲ ‘ರೇಡಿಯೊ ಸಿಟಿ’ ಕೇಳುವವರು ಅದರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಆಗಲೇ ಕೇಳಿರುತ್ತಾರೆ. ‘ಇದರಲ್ಲಿ ಹೊಸದೇನಿದೆ, ಇಂಥದ್ದು ಎಷ್ಟೋ ಕೇಳಿದ್ದೇವೆ’ ಎಂದು ಅವರಿಗೆ ಅನಿಸಿದರೆ ಅದು ಪ್ರಾಮಾಣಿಕ ಅನಿಸಿಕೆ. ಚರಿತ್ರೆ ಓದಿಸಿ ಅವರ ಬಾಯಿ ಮುಚ್ಚಿಸುವುದು ಸರಿಯಲ್ಲ. ಮೊದಲು ಮಾಡಿದವರು ಎಂಬ ಹೆಗ್ಗಳಿಕೆ ಚರಿತ್ರೆಕಾರರಿಗೆ ಬೇಕಾದದ್ದು, ಕೇಳುವ ಕಿವಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರಿಗೆ ಹೇಳಬಹುದಾದದ್ದು ಇಷ್ಟೇ: ಹೋಲುವುದನ್ನು ಬಿಟ್ಟು ಹೋಲದಿರುವುದನ್ನು ಕೇಳಿ. ‘ಸೆಪ್ಟೆಂಬರ್ ಗರ್ಲ್ಸ್’ನ ಹೊಳಪು ನೂರು ಕಡೆ ಸಿಕ್ಕೀತು. ‘ಡೇಸಿ ಗ್ಲೇಜ್’ನ ಆ ತಿರುವು, ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ ದನಿ ದಣಿದು ಕೂರುವ ಬಗೆ ಸುಲಭಕ್ಕೆ ಸಿಗುವುದಿಲ್ಲ.

ಕೇಳುಗರ ಕಿವಿಗೆ ಅಡ್ಡ ಬರುವ ಇನ್ನೊಂದು ಸಂಗತಿ ಆ ತಂಡದ ದುಃಖದ ಕತೆ. ಆಲ್ಬಮ್ ಹೊರಬರುವ ಹೊತ್ತಿಗೆ ಹಮ್ಮೆಲ್ ತಂಡ ಬಿಟ್ಟಾಗಿತ್ತು. 1974ರಲ್ಲಿ ಮುದ್ರಿಸಿದ ಮೂರನೆಯ ಆಲ್ಬಮ್ 1978ರವರೆಗೆ ಬೆಳಕು ಕಾಣಲಿಲ್ಲ. ಅದೇ 1978ರ ಡಿಸೆಂಬರ್ 27ರಂದು ಕ್ರಿಸ್ ಬೆಲ್ 27ನೇ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಚಿಲ್ಟನ್ 1980ರ ದಶಕದಲ್ಲಿ ಕೆಲಕಾಲ ನ್ಯೂ ಓರ್ಲಿಯನ್ಸ್‌ನಲ್ಲಿ ಪಾತ್ರೆ ತೊಳೆದು ಬದುಕಿದ. 2010ರ ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ವರ್ಷದ ಜುಲೈನಲ್ಲಿ ಹಮ್ಮೆಲ್ ಕೂಡ ಹೋದ. 2012ರಲ್ಲಿ ಬಂದ ‘ನಥಿಂಗ್ ಕ್ಯಾನ್ ಹರ್ಟ್ ಮಿ’ ಸಾಕ್ಷ್ಯಚಿತ್ರ ಈ ಕತೆಯನ್ನು ಪ್ರೀತಿಯಿಂದ ಹೇಳಿದೆ. ಆದರೆ ಇದನ್ನೆಲ್ಲ ಅರಿತು ಬಂದವರಿಗೆ ಹಾಡಿನ ಮುಂಚೆಯೇ ಕಣ್ಣು ತೇವವಾಗಿರುತ್ತದೆ. 22 ವರ್ಷದ ಹುಡುಗ ಪ್ರೇಮದ ಬಗ್ಗೆ ಹಾಡಿದ್ದು ಮುಂದಿನ ಸಾವು ಸೋಲುಗಳ ಮುನ್ಸೂಚನೆಯಂತೆ ಕೇಳಿಸತೊಡಗುತ್ತದೆ. ಇದು ಹಾಡಿಗೆ ಮಾಡುವ ಅನ್ಯಾಯ. ಈ ಆಲ್ಬಮ್‌ನಲ್ಲಿ ಚೇಷ್ಟೆಯಿದೆ, ಹುಂಬತನವಿದೆ, ಶನಿವಾರದ ರಾತ್ರಿಯ ಹುರುಪಿದೆ. ಮರುಕದಿಂದ ಕೇಳುವವರಿಗೆ ಇದೊಂದೂ ಕೇಳಿಸುವುದಿಲ್ಲ. ಚಿಲ್ಟನ್ ಸ್ವತಃ ಮುಂದೆ ಈ ಹಾಡುಗಳ ಬಗ್ಗೆ ದೊಡ್ಡ ಮಾತು ಆಡಲಿಲ್ಲ. ಹೊಗಳಿಕೆ ಅತಿಯಾಯಿತು ಎಂಬ ಧಾಟಿ ಅವನ ಸಂದರ್ಶನಗಳಲ್ಲಿ ಕಾಣುತ್ತದೆ. ಅವನ ಮಾತೂ ಕೊನೆಯ ಮಾತಲ್ಲ, ಆದರೆ ಆರಾಧನೆಗೆ ಅದು ಒಳ್ಳೆಯ ಮದ್ದು.

ಅವಗಣನೆ ತಾನಾಗಿ ಒಂದು ಗುಣವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. 1974ರಲ್ಲಿ ಮಾರಾಟವಾಗದೆ ಮರೆಯಾದ ಆಲ್ಬಮ್‌ಗಳಲ್ಲಿ ಬಹುಪಾಲು ಮರೆಯಾಗಲು ತಕ್ಕವೇ. ಮೂಲೆಯಲ್ಲಿ ಬಿದ್ದದ್ದನ್ನು ಹೆಕ್ಕಿ ತಂದೆ ಎಂಬ ಹೆಮ್ಮೆ ಬಲು ಬೇಗ ‘ಮೂಲೆಯಲ್ಲಿದ್ದದ್ದೆಲ್ಲ ಚಿನ್ನ’ ಎಂಬ ಭ್ರಮೆಗೆ ತಿರುಗುತ್ತದೆ. ‘ರೇಡಿಯೊ ಸಿಟಿ’ ಒಳ್ಳೆಯದು ಎನ್ನಬೇಕಾದರೆ ಹಾಡು ಹಾಡಾಗಿ ತೋರಿಸಬೇಕು. ವಿತರಕರ ಜಗಳವನ್ನೂ ಅಕಾಲ ಮರಣವನ್ನೂ ಪುರಾವೆಯಾಗಿ ಒಪ್ಪಿಸಿದರೆ ನ್ಯಾಯಾಲಯದಲ್ಲಿ ವಕೀಲ ಕಕ್ಷಿದಾರನ ಬಡತನವನ್ನೇ ವಾದವಾಗಿ ಮುಂದಿಟ್ಟ ಹಾಗಾಗುತ್ತದೆ.

ಶ್ರೇಷ್ಠತೆಯ ಪಟ್ಟಿಗಳ ತೊಂದರೆಯೂ ಇಲ್ಲೇ ಇದೆ. ಅವು ಒಳ್ಳೆಯ ಉದ್ದೇಶದಿಂದ ಹುಟ್ಟುತ್ತವೆ, ಅನೇಕರಿಗೆ ದಾರಿ ತೋರಿಸುತ್ತವೆ, ನಿಜ. ಆದರೆ ಹೆಸರು ಒಮ್ಮೆ ಪಟ್ಟಿಗೆ ಸೇರಿತೆಂದರೆ ‘ನನಗೆ ಹಿಡಿಸಲಿಲ್ಲ’ ಎನ್ನುವವರು ತಮ್ಮ ಕಿವಿಯಲ್ಲೇ ದೋಷವಿದೆಯೇನೋ ಎಂದು ಅಂಜತೊಡಗುತ್ತಾರೆ. ಹಿಡಿಸಿದವರಿಗೂ ಕಾರಣ ಹುಡುಕುವ ಶ್ರಮ ತಪ್ಪುತ್ತದೆ. 1974ರಲ್ಲಿ ಅಂಗಡಿಯ ಖಾಲಿ ಕಪಾಟು ಕೇಳುಗರ ಪರವಾಗಿ ತೀರ್ಮಾನ ಮಾಡಿತು. ಈಗ ಪಟ್ಟಿ ಅದೇ ಕೆಲಸ ಮಾಡುತ್ತಿದೆ. ಒಂದು ಇಲ್ಲವೆಂದಿತು, ಇನ್ನೊಂದು ಹೌದೆನ್ನುತ್ತದೆ. ಎರಡೂ ಹಾಡು ಶುರುವಾಗುವ ಮೊದಲೇ ಮಾತು ಮುಗಿಸುತ್ತವೆ.

ಇಂದು ಯಾವ ಊರಿನಲ್ಲಿದ್ದರೂ ಫೋನಿನಲ್ಲಿ ಈ ಆಲ್ಬಮ್ ಸಿಗುತ್ತದೆ. ಅರ್ಧ ಶತಮಾನದ ಹಿಂದಿನ ಅಡ್ಡಿ ನಿವಾರಣೆಯಾಗಿದೆ. ಆದರೆ ಕೈಗೆ ಸಿಕ್ಕಿದ್ದೆಲ್ಲ ಕಿವಿಗೆ ಇಳಿಯುವುದಿಲ್ಲ. ಕೋಟಿಗಟ್ಟಲೆ ಹಾಡುಗಳ ನಡುವೆ ಅರ್ಧ ನಿಮಿಷ ಕೇಳಿ ಮುಂದಿನದಕ್ಕೆ ಹಾರುವುದೂ ಒಂದು ಬಗೆಯಲ್ಲಿ ಕೇಳದೆ ಕೊಡುವ ತೀರ್ಪೇ. ‘ಓ ಮೈ ಸೋಲ್’ನಂಥ ಹಾಡು ಅರ್ಧ ನಿಮಿಷದಲ್ಲಿ ಕೈಗೆ ಸಿಗುವುದಿಲ್ಲ. ಅದು ಎಲ್ಲೆಲ್ಲಿ ಎಡವುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ತಿಳಿಯಲು ಪೂರ್ತಿ ಕೇಳಬೇಕು, ಮತ್ತೊಮ್ಮೆ ಕೇಳಬೇಕು.

ಅಭಿಪ್ರಾಯ ಎಂಬುದು ಹಾಗೆ ದುಡಿದು ಸಂಪಾದಿಸಬೇಕಾದದ್ದು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬಲ್ಲಿಗೆ ನಿಂತರೆ ಅದು ಇನ್ನೂ ಬರಿಯ ಪ್ರತಿಕ್ರಿಯೆ. ಯಾವ ಹಾಡು, ಯಾವ ಗಳಿಗೆ, ಏಕೆ ಎಂದು ಹೇಳಿ ಇನ್ನೊಬ್ಬರಿಗೆ ಅಲ್ಲಗಳೆಯಲು ಅವಕಾಶ ಕೊಟ್ಟಾಗ ಅದು ಅಭಿಪ್ರಾಯವಾಗುತ್ತದೆ. ಮೊದಲ ಆಲ್ಬಮ್ಮೇ ಮೇಲು ಎಂದು ದನಿಗಳ ಮೇಳವನ್ನು ತೋರಿಸಿ ವಾದಿಸುವವರು, ‘ರೇಡಿಯೊ ಸಿಟಿ’ಯನ್ನು ಕೇಳದೆಯೇ ಮೇರುಕೃತಿ ಎನ್ನುವವರಿಗಿಂತ ಆ ಆಲ್ಬಮ್‌ಗೆ ಹೆಚ್ಚು ಹತ್ತಿರದವರು. ಅವರು ಅದನ್ನು ತಕ್ಕಡಿಗೆ ಹಾಕಿದ್ದಾರೆ. 1974ರಲ್ಲಿ ಆ ತಂಡಕ್ಕೆ ದಕ್ಕದೆ ಹೋದದ್ದು ಹೊಗಳಿಕೆಯಲ್ಲ, ಹೊಗಳಿಕೆ ಪತ್ರಿಕೆಗಳಲ್ಲಿ ಬೇಕಾದಷ್ಟು ಸಿಕ್ಕಿತ್ತು. ಕೇಳಿ, ಒಪ್ಪಿ, ತಕರಾರು ತೆಗೆದು, ಮತ್ತೆ ಕೇಳುವ ಸಾಮಾನ್ಯ ಜನ ಅವರಿಗೆ ಸಿಗಲಿಲ್ಲ. ಆ ಬಾಕಿಯನ್ನು ಈಗ ತೀರಿಸಬಹುದು. ಅದಕ್ಕೆ ಅನುಕಂಪವೂ ಬೇಡ, ಪಟ್ಟಿಯೂ ಬೇಡ. ಹನ್ನೆರಡು ಹಾಡು ಕೇಳುವಷ್ಟು ಪುರುಸೊತ್ತು, ಕೇಳಿದ ಮೇಲೆ ಅನಿಸಿದ್ದನ್ನು ಕಾರಣ ಸಮೇತ ಹೇಳುವ ಧೈರ್ಯ, ಇವಿಷ್ಟು ಇದ್ದರೆ ಸಾಕು.